ಥೇಮ್ಸ್ ದಂಡೆಯಲ್ಲಿ ಸುಮ್ಮನೆ ನಿಲ್ಲುವುದು

ಲಂಡನ್ನಿನ ಲ್ಯಾಂಬೆತ್ ಪ್ರದೇಶದಲ್ಲಿ, ಥೇಮ್ಸ್ ನದಿಯ ಪಕ್ಕದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಉದ್ಯಾನದಲ್ಲಿ ಬಸವಣ್ಣನವರ ಪುತ್ಥಳಿಯೊಂದಿದೆ. 2015ರ ನವೆಂಬರ್ 14ರಂದು ಭಾರತದ ಪ್ರಧಾನಿ ನರೇಂದ್ರ ಮೋದಿ ಅದನ್ನು ಅನಾವರಣ ಮಾಡಿದ ಮೇಲೆ ಬ್ರಿಟನ್ನಿನ ಕನ್ನಡಿಗರಿಗೆ ಅದೊಂದು ಯಾತ್ರಾಸ್ಥಳವೇ ಆಗಿಬಿಟ್ಟಿದೆ. ಊರಿನಿಂದ ಬಂದ ತಂದೆತಾಯಿಯರನ್ನು ಮಕ್ಕಳು ಅಲ್ಲಿಗೆ ಕರೆದೊಯ್ಯುತ್ತಾರೆ. ಕರ್ನಾಟಕದ ಮಂತ್ರಿಗಳು, ಶಾಸಕರು ಪ್ರವಾಸದ ನಡುವೆ ಬಿಡುವು ಮಾಡಿಕೊಂಡು ಬಂದು ಹಾರ ಹಾಕುತ್ತಾರೆ. ಬಂದವರೆಲ್ಲ ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಫೋಟೊಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯವು: ನಡುವೆ ಪುತ್ಥಳಿ, ಅದರ ಎರಡೂ ಬದಿಗೆ ಕುಟುಂಬ, ಆಚೆಗೆ ನದಿ, ಕೋನ ಕೂಡಿಬಂದರೆ ಬ್ರಿಟಿಷ್ ಸಂಸತ್ ಭವನದ ಗೋಪುರ.

ಈ ಫೋಟೊ ತೆಗೆಯುವಾಗ ಒಂದು ಸಣ್ಣ ತಡೆ ಬರುತ್ತದೆ. ದಂಡೆಯ ಹಾದಿಯಲ್ಲಿ ಜನ ಓಡಾಡುತ್ತಲೇ ಇರುತ್ತಾರೆ. ಕಸದ ಬುಟ್ಟಿ ಖಾಲಿ ಮಾಡುವ ನೌಕರ, ಬೆನ್ನಿಗೆ ಚೌಕದ ಚೀಲ ಕಟ್ಟಿಕೊಂಡು ಸೈಕಲ್ ತುಳಿಯುವ ಊಟದ ಡೆಲಿವರಿ ಹುಡುಗ, ರಾತ್ರಿ ಪಾಳಿ ಮುಗಿಸಿ ಆಸ್ಪತ್ರೆಯಿಂದ ಹೊರಟ ದಾದಿ. ಕ್ಯಾಮೆರಾ ಹಿಡಿದವರು ಕೈ ಎತ್ತಿ, 'ತಡೀರಿ, ಅವರು ದಾಟಿಕೊಳ್ಳಲಿ' ಎನ್ನುತ್ತಾರೆ. ಅವರು ದಾಟಿದ ಮೇಲೆ ಚೌಕಟ್ಟು ಶುಭ್ರವಾಗುತ್ತದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ನೆನಪಿನ ಚಿತ್ರ ಎಲ್ಲರೂ ತೆಗೆಯುವುದು ಹಾಗೆಯೇ. ಆದರೆ ಬಸವಣ್ಣನ ಸುತ್ತ ನೆರೆದಿದ್ದವರು ಯಾರೆಂದು ನೆನೆದರೆ ಈ ಕಾಯುವಿಕೆ ವಿಚಿತ್ರವಾಗಿ ಕಾಣುತ್ತದೆ. ಅಂಬಿಗರ ಚೌಡಯ್ಯ ದೋಣಿ ನಡೆಸುತ್ತಿದ್ದವನು. ಮಡಿವಾಳ ಮಾಚಯ್ಯ ಬಟ್ಟೆ ಒಗೆಯುತ್ತಿದ್ದವನು. ಸತ್ಯಕ್ಕ ಅಂಗಳ ಗುಡಿಸುತ್ತಿದ್ದವಳು. ಹೊಳೆಯ ದಂಡೆ ಅವರಲ್ಲಿ ಹಲವರಿಗೆ ದುಡಿಮೆಯ ಜಾಗವಾಗಿತ್ತು. ಅವರ ಒಡನಾಡಿಯ ಪುತ್ಥಳಿಯ ಮುಂದೆ ನಿಂತು, ದುಡಿಯುವವರು ಚಿತ್ರದಿಂದ ಆಚೆ ಹೋಗಲೆಂದು ಕಾಯಬೇಕಾಗಿದೆ.

ಬಸವಣ್ಣ ಐಕ್ಯನಾದನೆಂದು ನಂಬಲಾದ ಕೂಡಲಸಂಗಮದಲ್ಲೂ ಹಳೆಯ ದಂಡೆ ಈಗ ಉಳಿದಿಲ್ಲ. ಅದು ನಾರಾಯಣಪುರ ಅಣೆಕಟ್ಟಿನ ಹಿನ್ನೀರಿನೊಳಗಿದೆ. ಐಕ್ಯಮಂಟಪವನ್ನು ಸುತ್ತುಗೋಡೆ ಕಟ್ಟಿ ನೀರಿನ ನಡುವೆ ಉಳಿಸಿಕೊಳ್ಳಲಾಗಿದೆ.

ನದೀತೀರದಲ್ಲಿ ಅಡ್ಡಾಡುವುದು, ಕಣ್ಣಿಗೆ ಬಿದ್ದ ದಿನನಿತ್ಯದ ಬದುಕನ್ನು ಚಿತ್ರವಾಗಿ ಹಿಡಿಯುವುದು ಬಿಡುವಿದ್ದವರ ಹವ್ಯಾಸವೆಂಬ ಭಾವನೆ ವ್ಯಾಪಕವಾಗಿದೆ. ಪ್ರಗತಿಪರರಲ್ಲಂತೂ ಅದರ ಬಗ್ಗೆ ತುಸು ಉಪೇಕ್ಷೆಯೇ ಇದೆ: ವಸತಿ, ವೇತನ, ವೀಸಾ ಇವುಗಳ ನಡುವೆ ಅಡ್ಡಾಟಕ್ಕೇನು ಬೆಲೆ? ಆದರೆ ನಗರದ ದಂಡೆ ಯಾರದು, ಅಲ್ಲಿ ಯಾರು ಕಾರಣವಿಲ್ಲದೆ ನಿಲ್ಲಬಹುದು, ಯಾರು ಯಾರನ್ನು ನೋಡಬಹುದು ಎಂಬ ಪ್ರಶ್ನೆಗಳನ್ನು ಬಿಟ್ಟುಕೊಟ್ಟರೆ ವಸತಿಯ ಪ್ರಶ್ನೆಯನ್ನೂ ಅರ್ಧ ಬಿಟ್ಟುಕೊಟ್ಟಂತೆಯೇ. ಥೇಮ್ಸ್ ದಂಡೆಯ ಇತಿಹಾಸ ಇದಕ್ಕೆ ಸಾಕ್ಷಿ ಒದಗಿಸುತ್ತದೆ. ಆ ಇತಿಹಾಸವನ್ನು ಪುತ್ಥಳಿ ನಿಂತ ನೆಲದಿಂದಲೇ ಆರಂಭಿಸಬಹುದು.

ಅಸಲಿಗೆ ಅದು ನೆಲವೇ ಆಗಿರಲಿಲ್ಲ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಕೊಳಚೆಯಿಂದ ಎಷ್ಟು ನಾರಿತೆಂದರೆ ಸಂಸತ್ತಿನ ಕಿಟಕಿಗಳ ಪರದೆಗಳನ್ನು ಸುಣ್ಣದ ದ್ರಾವಣದಲ್ಲಿ ಅದ್ದಿ ತೂಗುಹಾಕಬೇಕಾಯಿತು. ಬಡವರ ಕೇರಿಗಳಲ್ಲಿ ಕಾಲರಾ ವರ್ಷಗಟ್ಟಲೆ ಜನರನ್ನು ಬಲಿ ತೆಗೆದುಕೊಂಡಾಗ ಬಾರದ ತುರ್ತು, ವಾಸನೆ ಶಾಸಕರ ಮೂಗಿಗೆ ಬಡಿದಾಗ ಬಂದಿತು. ಎಂಜಿನಿಯರ್ ಜೋಸೆಫ್ ಬ್ಯಾಜಲ್‌ಜೆಟ್ ನೇತೃತ್ವದಲ್ಲಿ ಹೊಸ ಒಳಚರಂಡಿ ಜಾಲ ನಿರ್ಮಾಣವಾಯಿತು. ಅದರ ಜೊತೆಯಲ್ಲೇ ನದಿಯ ಅಂಚನ್ನು ಒಳಕ್ಕೆ ಒತ್ತಿ ಕಲ್ಲಿನ ಕಟ್ಟೆಗಳು ಎದ್ದವು. 1860ರ ದಶಕದ ಕೊನೆಗೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಸಿದ್ಧವಾಯಿತು. ಅದಕ್ಕೆ ಮೊದಲು ಲ್ಯಾಂಬೆತ್‌ನ ತೀರದಲ್ಲಿ ದೋಣಿ ಕಟ್ಟುವವರ ಅಂಗಳಗಳು, ಕುಂಬಾರಿಕೆಯ ಗೂಡುಗಳು, ಕಟ್ಟಿಗೆಯ ಗೋದಾಮುಗಳು, ನೀರಿಗೆ ಇಳಿಯುವ ಇಕ್ಕಟ್ಟಾದ ಓಣಿಗಳಿದ್ದವು. ಕಟ್ಟೆ ಬಂದ ಮೇಲೆ ದಂಡೆಯುದ್ದಕ್ಕೂ ಸಾಲುದೀಪಗಳು ಬಂದವು, ಬೆಂಚುಗಳು ಬಂದವು, ನಡೆದಾಡುವ ಹಾದಿ ಬಂತು. ದೋಣಿ ಕಟ್ಟುವವರು ಹೋದರು. ಲಂಡನ್ನಿನ ಮಧ್ಯಮವರ್ಗಕ್ಕೆ ಇಲ್ಲಿ ನದೀವಿಹಾರ ಸಾಧ್ಯವಾದದ್ದು ನದಿಯನ್ನೇ ನಂಬಿದ್ದ ಹಲವರ ದುಡಿಮೆ ಅಲ್ಲಿಂದ ಎದ್ದ ಮೇಲೆ.

ಆ ಓಣಿಗಳನ್ನು ಕಣ್ಮರೆಯಾಗುವ ಮುನ್ನ ನೋಡಿಟ್ಟುಕೊಂಡವನೊಬ್ಬನಿದ್ದ. ವಿಲಿಯಂ ಸ್ಟ್ರಡ್‌ವಿಕ್ ಎಂಬ ಛಾಯಾಗ್ರಾಹಕ 1860ರ ದಶಕದಲ್ಲಿ ಲ್ಯಾಂಬೆತ್‌ನ ತೀರದ ಬೀದಿಗಳನ್ನು, ದೋಣಿಗಳನ್ನು, ಹಳೆಯ ಮನೆಗಳ ಓರೆ ಗೋಡೆಗಳನ್ನು ಚಿತ್ರಿಸಿದ. ಆಗಿನ ತಂತ್ರದಲ್ಲಿ ಗಾಜಿನ ಫಲಕಕ್ಕೆ ಬೆಳಕು ಹೀರಲು ಸಮಯ ಬೇಕಾಗುತ್ತಿತ್ತು. ಅಲುಗಾಡುವ ಮನುಷ್ಯರು ಮಂಜಾಗಿ ಉಳಿಯುತ್ತಿದ್ದರು, ಇಲ್ಲವೇ ಮಾಯವಾಗುತ್ತಿದ್ದರು. ಬಸವಣ್ಣನ ಪುತ್ಥಳಿಯ ಆಸುಪಾಸು ಹಿಂದೆ ಹೇಗಿತ್ತೆಂದು ಇಂದು ತಿಳಿಯಬೇಕಾದರೆ ಇಂಥ ಚಿತ್ರಗಳ ಮೊರೆಹೋಗಬೇಕು. ಅವುಗಳಲ್ಲಿ ವಿಶೇಷವೆನ್ನುವಂಥದ್ದು ಏನೂ ಇಲ್ಲ. ಒಂದು ಓಣಿ, ಒಂದು ಬಾಗಿಲು, ಒಣಗಲು ಹಾಕಿದ ಏನೋ. ಯಾರಿಗೂ ಬೇಡವಾಗಿದ್ದ ದಿನನಿತ್ಯವೇ ಈಗ ದಾಖಲೆ.

ಅದೇ ಹೊತ್ತಿಗೆ ಲಂಡನ್ನಿನಲ್ಲಿ ಇನ್ನೊಂದು ಬಗೆಯ ಛಾಯಾಚಿತ್ರ ಸಂಗ್ರಹ ಅಚ್ಚಾಗುತ್ತಿತ್ತು. 1868ರಿಂದ 1875ರವರೆಗೆ ಎಂಟು ಸಂಪುಟಗಳಲ್ಲಿ ಹೊರಬಂದ 'ದಿ ಪೀಪಲ್ ಆಫ್ ಇಂಡಿಯಾ' ಭಾರತದ ಜನರನ್ನು ಜಾತಿ, ಬುಡಕಟ್ಟು, ಕಸುಬುಗಳ ಪ್ರಕಾರ ವಿಂಗಡಿಸಿ ತೋರಿಸಿತು. 1857ರ ದಂಗೆಯಿಂದ ಬೆಚ್ಚಿದ್ದ ಆಳುವವರಿಗೆ ಆಳಿಸಿಕೊಳ್ಳುವವರ ಮುಖಪರಿಚಯ ಬೇಕಾಗಿತ್ತು. ಅಲ್ಲಿ ಮನುಷ್ಯರಿದ್ದಾರೆ, ಆದರೆ ಬಹುಪಾಲು ಮಾದರಿಗಳಾಗಿ ಇದ್ದಾರೆ. ಸ್ವಲ್ಪ ಕಾಲದ ನಂತರ, 1877ರ ಹೊತ್ತಿಗೆ, ಏಷ್ಯಾದ ದೇಶಗಳನ್ನು ಚಿತ್ರಿಸಿ ಮರಳಿದ್ದ ಜಾನ್ ಥಾಮ್ಸನ್ ಪತ್ರಕರ್ತ ಅಡಾಲ್ಫ್ ಸ್ಮಿತ್ ಜೊತೆಗೂಡಿ 'ಸ್ಟ್ರೀಟ್ ಲೈಫ್ ಇನ್ ಲಂಡನ್' ತಂದ. ಅದರಲ್ಲಿ ಥೇಮ್ಸ್‌ನಲ್ಲಿ ಸರಕುದೋಣಿ ನಡೆಸುವವರಿದ್ದಾರೆ. ನದಿ ಉಕ್ಕಿ ಮನೆಮಾರು ಕೆಟ್ಟ ಲ್ಯಾಂಬೆತ್‌ನ ಬಡವರೂ ಇದ್ದಾರೆ. ಹೊಸ ಕಟ್ಟೆ ಎದ್ದು ಹಲವು ವರ್ಷಗಳಾದ ಮೇಲೂ ಲ್ಯಾಂಬೆತ್‌ನ ಬಡವರ ಕೇರಿಗಳಿಗೆ ನೀರು ನುಗ್ಗುತ್ತಿತ್ತೆಂಬುದನ್ನು ಆ ಒಂದು ಚಿತ್ರ ಹೇಳುತ್ತದೆ. ಥಾಮ್ಸನ್ ತನ್ನ ಜನರನ್ನು ನಿಲ್ಲಿಸಿ ಚಿತ್ರ ತೆಗೆದ, ಅವರ ಬದುಕನ್ನು ಮೇಲುವರ್ಗದ ಓದುಗರಿಗೆ ಬಡಿಸಿದ ಎಂಬ ಆಕ್ಷೇಪವಿದೆ, ಅದು ನ್ಯಾಯವೂ ಹೌದು. ಆದರೂ ಆ ಪುಸ್ತಕದ ಬರಹ ಅವರ ಕೂಲಿ, ಬಾಡಿಗೆ, ಕಾಯಿಲೆಗಳ ವಿವರ ಕೊಡುತ್ತದೆ. ಒಂದೇ ಯಂತ್ರ, ಒಂದೇ ದಶಕ. ಒಂದು ಕಡೆ ವರ್ಗೀಕರಣ, ಇನ್ನೊಂದು ಕಡೆ, ಕುಂದುಕೊರತೆಗಳೊಡನೆ, ಲೆಕ್ಕ ಕೇಳುವ ನೋಟ.

ಈ ಎರಡೂ ಬಗೆಯ ನೋಟಕ್ಕೆ ಸರಿಯಾಗಿ ದಕ್ಕದೆ ಹೋದವರೂ ಅದೇ ನದಿಯ ದಂಡೆಯಲ್ಲಿದ್ದರು. ಈಸ್ಟ್ ಇಂಡಿಯಾ ಕಂಪನಿಯ ಕಾಲದಿಂದಲೂ ಬಂಗಾಳ, ಗುಜರಾತ್, ಕೊಂಕಣ ತೀರಗಳಿಂದ ಹಡಗಿನ ಚಾಕರಿಗೆ ಬಂದ ಲಾಸ್ಕರ್ ನಾವಿಕರು ಲಂಡನ್ನಿನ ಪೂರ್ವದ ಹಡಗುಕಟ್ಟೆಗಳಲ್ಲಿ ಇಳಿಯುತ್ತಿದ್ದರು. ಮರಳುವ ಹಡಗು ಸಿಗದೆ ಬೀದಿಪಾಲಾದವರ ಸ್ಥಿತಿ ಎಷ್ಟು ಹದಗೆಟ್ಟಿತೆಂದರೆ 1857ರಲ್ಲಿ ಲೈಮ್‌ಹೌಸ್‌ನಲ್ಲಿ ಏಷ್ಯಾ, ಆಫ್ರಿಕಾ ಮೂಲದ ನಾವಿಕರಿಗೆಂದೇ ಒಂದು ಆಶ್ರಯಗೃಹ ತೆರೆಯಬೇಕಾಯಿತು. ಭಾರತದಿಂದ ಲಂಡನ್ನಿಗೆ ವಲಸೆಯ ಕಥೆಯನ್ನು ವೈದ್ಯರು, ಸಾಫ್ಟ್‌ವೇರ್ ಎಂಜಿನಿಯರುಗಳು, ವಿಶ್ವವಿದ್ಯಾಲಯದವರಿಂದ ಶುರುಮಾಡುವ ಅಭ್ಯಾಸ ಕನ್ನಡ ಸಂಘಗಳ ಸ್ಮರಣಸಂಚಿಕೆಗಳಲ್ಲಿ ಬಲವಾಗಿದೆ. ಅದು ನದಿಯಿಂದ, ಬರಿಗಾಲಿನಿಂದ ಶುರುವಾದದ್ದು.

ಇಷ್ಟು ಹಳೆಯ ಮಾತು. ಇಂದು ಥೇಮ್ಸ್‌ನ ದಕ್ಷಿಣ ದಂಡೆಯಲ್ಲಿ ವೆಸ್ಟ್‌ಮಿನ್‌ಸ್ಟರ್ ಸೇತುವೆಯಿಂದ ಟವರ್ ಬ್ರಿಜ್‌ವರೆಗೆ ನಡೆದುಹೋಗುವವರಿಗೆ ಹಾದಿ ಒಂದೇ ಎನಿಸುತ್ತದೆ. ಹಾಸುಗಲ್ಲು, ಕಟಾಂಜನ, ಮರ, ಸಂಗೀತ ನುಡಿಸುವವರು, ಪುಸ್ತಕದ ಮೇಜುಗಳು. ಆದರೆ ಕಾಲ ಕೆಳಗಿನ ಒಡೆತನ ಹತ್ತಾರು ಬಾರಿ ಬದಲಾಗುತ್ತದೆ. ಕೆಲವೆಡೆ ನಗರಾಡಳಿತದ್ದು, ಕೆಲವೆಡೆ ಟ್ರಸ್ಟ್‌ಗಳದ್ದು, ಕೆಲವೆಡೆ ಖಾಸಗಿ ಕಂಪನಿಗಳದ್ದು. ಲಂಡನ್ ಬ್ರಿಜ್ ಮತ್ತು ಟವರ್ ಬ್ರಿಜ್ ನಡುವಿನ ಮೋರ್ ಲಂಡನ್ ಎಂಬ ವಿಸ್ತಾರ ಇದಕ್ಕೆ ಒಳ್ಳೆಯ ನಿದರ್ಶನ. 2002ರಿಂದ 2021ರವರೆಗೆ ಲಂಡನ್ ಮೇಯರರ ಕಚೇರಿ, ನಗರದ ಚುನಾಯಿತ ಸಭೆ ಇದ್ದದ್ದು ಅಲ್ಲಿಯೇ. ಸುತ್ತಲಿನ ಅಂಗಳ, ನದಿಯ ಮಗ್ಗುಲಿನ ಜಾಗ ಮಾತ್ರ ಖಾಸಗಿ. 2013ರಲ್ಲಿ ಕುವೈತ್ ಸರ್ಕಾರದ ಹೂಡಿಕೆ ನಿಧಿಗೆ ಸೇರಿದ ಸಂಸ್ಥೆಯೊಂದು ಆ ಇಡೀ ಸಂಕೀರ್ಣವನ್ನು ಸುಮಾರು 170 ಕೋಟಿ ಪೌಂಡಿಗೆ ಕೊಂಡುಕೊಂಡಿತು. ಪ್ರಜಾಪ್ರತಿನಿಧಿಗಳು ತಮ್ಮ ಕಚೇರಿಯ ಹೊರಗೆ ಟೀವಿ ಸಂದರ್ಶನ ಕೊಡಬೇಕಾದರೂ ಭೂಮಾಲೀಕರ ಒಪ್ಪಿಗೆ ಬೇಕೆಂಬ ದೂರು ಅಲ್ಲಿ ಕೇಳಿಬಂದಿತ್ತು. ಒಡೆಯ ಕುವೈತಿನವನೋ ಕೆಂಟ್‌ನವನೋ ಎಂಬುದು ಮುಖ್ಯವಲ್ಲ. ಆ ಬಗೆಯ ಟೀಕೆ ಬೇಗನೆ ಜನಾಂಗದ್ವೇಷದ ಕಡೆಗೆ ವಾಲುತ್ತದೆ. ಮುಖ್ಯವಾದದ್ದು, ನಡೆಯುವವನಿಗೆ ಅಲ್ಲಿ ಹಕ್ಕಿಲ್ಲ, ಅನುಮತಿ ಮಾತ್ರ ಇದೆ ಎಂಬುದು.

ಬ್ರಿಟನ್ನಿನಲ್ಲಿ ಸಾರ್ವಜನಿಕ ಸ್ಥಳದಲ್ಲಿ ಫೋಟೊ ತೆಗೆಯಲು ಯಾರ ಪರವಾನಗಿಯೂ ಬೇಕಿಲ್ಲ. ಲಂಡನ್ ಪೊಲೀಸರ ಮಾರ್ಗದರ್ಶಿಯೇ ಹೀಗೆ ಹೇಳುತ್ತದೆ. ಖಾಸಗಿ ನೆಲದಲ್ಲಿ ಮಾಲೀಕರ ನಿಯಮ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆಂದು ಹೇಳುವ ಗೆರೆ ನೆಲದ ಮೇಲಿರುವುದಿಲ್ಲ. ಸಮವಸ್ತ್ರದ ಕಾವಲುಗಾರ ಬಂದು ನಿಂತಾಗಲೇ ಅದು ತಿಳಿಯುವುದು. 2011ರ ಜೂನ್‌ನಲ್ಲಿ ಲಂಡನ್ ಬೀದಿ ಛಾಯಾಗ್ರಹಣ ಉತ್ಸವದ ಸಂಘಟಕರು ಒಂದು ಪ್ರಯೋಗ ಮಾಡಿದರು. ಆರು ಮಂದಿ ಛಾಯಾಗ್ರಾಹಕರನ್ನು ನದಿಯ ಉತ್ತರ ದಂಡೆಯ ಸಿಟಿ ಪ್ರದೇಶದ ಬೇರೆ ಬೇರೆ ಬೀದಿಗಳಿಗೆ ಕಳಿಸಿ, ಸಾರ್ವಜನಿಕ ನೆಲದಲ್ಲೇ ನಿಂತು ಚಿತ್ರ ತೆಗೆಯಲು ಹೇಳಿದರು. ಆರೂ ಮಂದಿಯನ್ನು ಒಮ್ಮೆಯಾದರೂ ಖಾಸಗಿ ಕಾವಲುಗಾರರು ತಡೆದರು. ಮೂರು ಪ್ರಸಂಗಗಳಲ್ಲಿ ಪೊಲೀಸರೂ ಬಂದರು. ಬಂದವರು ಛಾಯಾಗ್ರಾಹಕರ ಹಕ್ಕನ್ನು ಒಪ್ಪಿಕೊಂಡರು. ಕಾವಲುಗಾರರ ಮೇಲೆ ಸಿಟ್ಟಾಗುವುದು ಸುಲಭ. ಆದರೆ ಈ ನಗರದಲ್ಲಿ ಆ ಕೆಲಸಕ್ಕೆ ನಿಂತವರಲ್ಲಿ ವಲಸಿಗರು ಬಹಳ. ಕಡಿಮೆ ಕೂಲಿಗೆ ಹನ್ನೆರಡು ಗಂಟೆ ಮಳೆಗಾಳಿಯಲ್ಲಿ ನಿಂತು, ತಮ್ಮದಲ್ಲದ ಆಸ್ತಿಯ ಗೆರೆ ಕಾಯುವವರು ಅವರು.

ಕಾನೂನು ಸಹ ಒಂದು ಕಾಲಕ್ಕೆ ಕ್ಯಾಮೆರಾದ ಪರವಾಗಿರಲಿಲ್ಲ. 2000ದ ಭಯೋತ್ಪಾದನಾ ಕಾಯ್ದೆಯ 44ನೇ ಸೆಕ್ಷನ್ ಪ್ರಕಾರ ಗೊತ್ತುಪಡಿಸಿದ ಪ್ರದೇಶಗಳಲ್ಲಿ ಪೊಲೀಸರು ಯಾವುದೇ ಸಕಾರಣ ಸಂಶಯವಿಲ್ಲದೆ ಯಾರನ್ನಾದರೂ ತಡೆದು ಶೋಧಿಸಬಹುದಿತ್ತು. 2003ರಲ್ಲಿ ಡಾಕ್‌ಲ್ಯಾಂಡ್ಸ್‌ನ ಶಸ್ತ್ರಾಸ್ತ್ರ ಮೇಳದ ಎದುರಿನ ಪ್ರತಿಭಟನೆಗೆ ಹೊರಟಿದ್ದ ಒಬ್ಬ ವಿದ್ಯಾರ್ಥಿ ಮತ್ತು ಅದನ್ನು ಚಿತ್ರೀಕರಿಸಲು ಬಂದಿದ್ದ ಒಬ್ಬ ಪತ್ರಕರ್ತೆಯನ್ನು ಹಾಗೆ ತಡೆಯಲಾಯಿತು. ಅವರ ದಾವೆ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ, 2010ರ ಜನವರಿ 12ರಂದು ತೀರ್ಪು ಅವರ ಕಡೆಗೆ ಬಂತು. ಈ ಅಧಿಕಾರ ಕಪ್ಪು ಜನ ಮತ್ತು ಏಷ್ಯಾ ಮೂಲದವರ ಮೇಲೆ ಹೆಚ್ಚು ಪ್ರಯೋಗವಾಗಿರುವುದನ್ನೂ ನ್ಯಾಯಾಲಯ ಗಮನಕ್ಕೆ ತೆಗೆದುಕೊಂಡಿತು. ಅದೇ ತಿಂಗಳು ಟ್ರಫಾಲ್ಗರ್ ಚೌಕದಲ್ಲಿ, ಫೋಟೊ ತೆಗೆಯುವುದು ಭಯೋತ್ಪಾದನೆಯಲ್ಲ ಎಂದು ಸಾರಲು ಛಾಯಾಗ್ರಾಹಕರು ದೊಡ್ಡ ಸಂಖ್ಯೆಯಲ್ಲಿ ಸೇರಿದರು. ಕೆಲವೇ ತಿಂಗಳಲ್ಲಿ ಆ ಸೆಕ್ಷನ್ನಿನ ಬಳಕೆ ನಿಂತಿತು. ಕಾಗದದ ಮೇಲೆ ಹಕ್ಕು ಮರಳಿದೆ. ಚರ್ಮದ ಬಣ್ಣಕ್ಕೆ ತಕ್ಕಂತೆ ನೋಟ ಬದಲಾಗುವುದು ಮಾತ್ರ ಯಾವ ಕಾಯ್ದೆಯಲ್ಲೂ ಬರೆದಿರಲಿಲ್ಲವಾದ್ದರಿಂದ ಅದನ್ನು ರದ್ದುಮಾಡಲೂ ಬರುವುದಿಲ್ಲ. ಸೇತುವೆಯ ಕಂಬವನ್ನು, ನಿಲ್ದಾಣದ ಬಾಗಿಲನ್ನು ಕಂದುಬಣ್ಣದ ಒಬ್ಬಂಟಿ ಗಂಡಸು ಬಹಳ ಹೊತ್ತು ಚಿತ್ರಿಸುತ್ತಿದ್ದರೆ ಸುತ್ತಲಿನವರಲ್ಲಿ ಏಳುವ ಸಂಶಯ ಬೇರೆಯದೇ. ಗಡ್ಡವಿದ್ದರೆ, ಹೆಗಲಿಗೆ ಚೀಲವಿದ್ದರೆ ಇನ್ನೂ ಬೇರೆ. ಆದ್ದರಿಂದಲೇ ವಲಸಿಗರು ನಗುಮುಖದ ಸೆಲ್ಫಿಗೆ ಶರಣಾಗುತ್ತಾರೇನೋ. ತನ್ನ ಮುಖವನ್ನು ಚೌಕಟ್ಟಿನೊಳಗೆ ಇಟ್ಟುಕೊಂಡವನನ್ನು ಯಾರೂ ಸಂಶಯಿಸುವುದಿಲ್ಲ.

ಸುಮ್ಮನೆ ನಿಲ್ಲುವುದಕ್ಕೆ ಸಂಶಯದ ನೋಟ ಕನ್ನಡದ ನೆಲದಲ್ಲೂ ಹೊಸದಲ್ಲ. ಗಂಡಸು ಹೊಳೆಯ ಹತ್ತಿರ ಹೊತ್ತು ಕಳೆದರೆ ಪೋಲಿ ಅಲೆದ ಎಂಬ ಬೈಗುಳದಲ್ಲಿ ಮುಗಿಯುತ್ತದೆ. ಹೆಂಗಸು ಅಲ್ಲಿರಬೇಕಾದರೆ ಸೊಂಟದಲ್ಲಿ ಕೊಡವೋ ತಲೆಯ ಮೇಲೆ ಬಟ್ಟೆಯ ಗಂಟೋ ಇರಬೇಕು; ಎರಡೂ ಇಲ್ಲದೆ ನಿಂತವಳಿಗೆ ಊರು ಕಾರಣ ಕೇಳುತ್ತದೆ. ಸ್ನಾನಘಟ್ಟಗಳಲ್ಲಿ ಯಾರು ಮೇಲಿನ ನೀರು, ಯಾರು ಕೆಳಗಿನ ನೀರು ಎಂಬ ಜಾತಿಯ ಲೆಕ್ಕ ಬಹುಕಾಲ ನಡೆದುಬಂದಿದೆ. ಮುಂಬೈ ನಗರವನ್ನು ಅಧ್ಯಯನ ಮಾಡಿ ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ 2011ರಲ್ಲಿ ಪ್ರಕಟಿಸಿದ 'ವೈ ಲಾಯಿಟರ್?' ಪುಸ್ತಕ ಕಾರಣವಿಲ್ಲದ ಅಡ್ಡಾಟವನ್ನೇ ಹೆಣ್ಣಿನ ಪೌರಹಕ್ಕೆಂದು ವಾದಿಸಿತು. ಥೇಮ್ಸ್ ದಂಡೆಯ ಬೆಂಚಿನ ಮೇಲೆ ಸಂಜೆ ಒಬ್ಬಳೇ ಕೂತು, ಎದುರಿನ ಜನರನ್ನು ಫೋನಿನಲ್ಲಿ ಚಿತ್ರಿಸುವ ಕನ್ನಡದ ಹೆಣ್ಣುಮಗಳಿಗೆ ಈ ನಗರ ಕೊಟ್ಟದ್ದು ಕಡಿಮೆಯೇನಲ್ಲ. ಅದು ಹೋಗುವುದೂ ಅಷ್ಟೇ ಸುಲಭ ಎಂಬುದೇ ಇಲ್ಲಿನ ಚಿಂತೆ.

ದಕ್ಕಿಸಿಕೊಂಡ ಕಥೆಗಳೂ ಈ ದಂಡೆಯಲ್ಲಿವೆ. ವಾಟರ್‌ಲೂ ಸೇತುವೆಯ ಪೂರ್ವಕ್ಕಿರುವ ಕಾಯಿನ್ ಸ್ಟ್ರೀಟ್ ಪ್ರದೇಶದಲ್ಲಿ 1970ರ ದಶಕದಲ್ಲಿ ಕಚೇರಿ ಗೋಪುರಗಳ ಯೋಜನೆ ಬಂದಾಗ ಸ್ಥಳೀಯರು ವರ್ಷಗಟ್ಟಲೆ ಹೋರಾಡಿದರು. 1984ರಲ್ಲಿ ಅಂದಿನ ಲಂಡನ್ ನಗರಾಡಳಿತ ಅಲ್ಲಿನ 13 ಎಕರೆ ಭೂಮಿಯನ್ನು ನಿವಾಸಿಗಳದ್ದೇ ಸಂಸ್ಥೆಗೆ ಮಾರಿತು. ಅಲ್ಲಿ ಸಹಕಾರಿ ವಸತಿ ಬಂತು, ಹೋರಾಟದ ಮಹಿಳೆಯೊಬ್ಬರ ಹೆಸರಿನ ಉದ್ಯಾನ ಬಂತು, ನದಿಯ ಬದಿಯ ಹಾದಿ ಬಂತು. ಇಂದು ಪ್ರವಾಸಿಗರು ಮುಗಿಬಿದ್ದು ಫೋಟೊ ತೆಗೆಯುವ ದಂಡೆಯ ಒಂದು ತುಂಡು ಬಾಡಿಗೆದಾರರ ಚಳವಳಿಯ ಫಲ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ಸ್ವಲ್ಪ ಪಶ್ಚಿಮಕ್ಕೆ, ಸಭಾಭವನವೊಂದರ ಕೆಳಗಿನ ಕಾಂಕ್ರೀಟ್ ನೆರಳಿನಲ್ಲಿ 1970ರ ದಶಕದಿಂದ ಸ್ಕೇಟ್‌ಬೋರ್ಡ್ ಆಡುತ್ತ ಬಂದ ಹುಡುಗರನ್ನು ಎಬ್ಬಿಸಿ ಅಂಗಡಿಗಳನ್ನು ತರುವ ಪ್ರಸ್ತಾಪ 2013ರಲ್ಲಿ ಬಂತು. ಒಂದೂವರೆ ವರ್ಷದೊಳಗೆ ಅದು ಬಿದ್ದುಹೋಯಿತು. ಹುಡುಗರು ಮೇಜು ಹಾಕಿಕೊಂಡು, ಹೋಗಿಬರುವವರಿಂದ ಸಹಿ ಸಂಗ್ರಹಿಸಿದ್ದರು. ಅಡ್ಡಾಡಲು ಬಂದವರೇ ಆಕ್ಷೇಪಣೆ ಸಲ್ಲಿಸಿದ್ದರು.

ಗಾರ್ಡನ್ ಬ್ರಿಜ್ ಪ್ರಕರಣವಂತೂ ಒಂದು ಪಾಠವೇ. ನದಿಯ ಮೇಲೆ ಮರಗಿಡಗಳ ಸೇತುವೆ ಎಂಬ ಮೋಹಕ ಕಲ್ಪನೆಯನ್ನು ನಟಿಯೊಬ್ಬರು ಮುಂದಿಟ್ಟು, ಮೇಯರ್ ಬೆಂಬಲಿಸಿದರು. ಯೋಜನೆಯ ಕಾಗದಪತ್ರ ಹೊರಬರುತ್ತ ಹೋದಂತೆ ಅದು ರಾತ್ರಿ ಮುಚ್ಚುವ, ವರ್ಷದಲ್ಲಿ ಕೆಲವು ದಿನ ನಿಧಿಸಂಗ್ರಹದ ಸಮಾರಂಭಗಳಿಗೆ ಮೀಸಲಾಗುವ, ಸಂದರ್ಶಕರ ಮೊಬೈಲುಗಳ ಜಾಡು ಹಿಡಿಯಬಲ್ಲ ಸೇತುವೆ ಎಂದು ತಿಳಿಯಿತು. 2017ರಲ್ಲಿ ಯೋಜನೆ ರದ್ದಾಯಿತು. ಒಂದು ಕಲ್ಲೂ ಏಳುವ ಮೊದಲೇ 5.3 ಕೋಟಿ ಪೌಂಡ್ ಕರಗಿತ್ತು. ಅದರಲ್ಲಿ ಸುಮಾರು 4.3 ಕೋಟಿ ಸಾರ್ವಜನಿಕ ಹಣ.

ಇಲ್ಲೊಂದು ಆಕ್ಷೇಪವನ್ನು ಎದುರಿಸಲೇಬೇಕು. ನೋಡುವವರ ಹಕ್ಕನ್ನು ಹೀಗೆ ಎತ್ತಿಹಿಡಿದರೆ ನೋಡಿಸಿಕೊಳ್ಳುವವರ ಗತಿಯೇನು? ಸೇತುವೆಯ ಕೆಳಗೆ ರಟ್ಟಿನ ಹಾಳೆ ಹಾಸಿ ಮಲಗಿದವನನ್ನು ಚಿತ್ರಿಸಲು ಬ್ರಿಟನ್ನಿನ ಕಾನೂನು ಸಾಮಾನ್ಯವಾಗಿ ಅಡ್ಡಬರುವುದಿಲ್ಲ. ಆದರೆ ಅವನ ನಿದ್ದೆ ಬೇರೊಬ್ಬನ ಇನ್‌ಸ್ಟಾಗ್ರಾಂನಲ್ಲಿ ಕರುಣರಸವಾಗಬೇಕಿಲ್ಲ. ಹಿಂದಿನ ಎಂಟು ಸಂಪುಟಗಳ ಸರ್ಕಾರಿ ನೋಟಕ್ಕೂ ಇದಕ್ಕೂ ಇರುವ ಅಂತರ ಕೆಲವೊಮ್ಮೆ ಬಹಳ ತೆಳುವು. ಕಾಲ್ನಡಿಗೆಯವರ ಕ್ಯಾಮೆರಾಕ್ಕೆ ಸರಿತಪ್ಪುಗಳ ಸಿದ್ಧಸೂತ್ರವಿಲ್ಲ. ನಿಂತು ಮಾತಾಡುವುದು, ಬೇಡವೆಂದವರನ್ನು ಬಿಡುವುದು, ಚಿತ್ರದಲ್ಲಿ ಕಂಡ ಕೆಲಸದ ಹೆಸರು ಮತ್ತು ಕೂಲಿ ತಿಳಿಯುವಷ್ಟು ಹೊತ್ತು ಅಲ್ಲಿರುವುದು, ಇಷ್ಟು ಸಾಧ್ಯ. ಹಾಗೆಂದು ಈ ಆಕ್ಷೇಪವನ್ನೇ ನೆಪ ಮಾಡಿಕೊಂಡು ಬಡವರನ್ನು ಚಿತ್ರಿಸದೇ ಇರುವುದು ಒಳಿತೆಂಬ ವಾದವನ್ನು ಒಪ್ಪುವುದು ಕಷ್ಟ. ಆ ವಾದ ಎಲ್ಲರಿಗಿಂತ ಹೆಚ್ಚು ಇಷ್ಟವಾಗುವುದು ದಂಡೆಯ ಹೊಸ ಒಡೆಯರಿಗೆ. ಅವರ ಜಾಹೀರಾತಿನ ಚಿತ್ರಗಳಲ್ಲಿ ಕಸ ಗುಡಿಸುವವರು ಮೊದಲೇ ಇರುವುದಿಲ್ಲ.

ಆ ಜಾಹೀರಾತಿನ ಚಿತ್ರ ಈಗ ಗಡಿ ದಾಟಿ ಸಾಗುತ್ತಿದೆ. ಭಾರತದ ನಗರಗಳಲ್ಲಿ ನದೀಮುಖ ಅಭಿವೃದ್ಧಿಯ ಮಾತು ಬಂದಾಗಲೆಲ್ಲ ಥೇಮ್ಸ್ ಹೆಸರು ಬರುತ್ತದೆ. ಅಹಮದಾಬಾದಿನ ಸಾಬರಮತಿ ದಂಡೆಯಲ್ಲಿ 2005ರಲ್ಲಿ ಕಾಮಗಾರಿ ಆರಂಭವಾಯಿತು. 2012ರಲ್ಲಿ ವಿಹಾರದ ಹಾದಿ ಜನರಿಗೆ ತೆರೆಯಿತು. ಲ್ಯಾಂಬೆತ್‌ನಲ್ಲಿ ಬಸವಣ್ಣನ ಪುತ್ಥಳಿಯ ಪರದೆ ಸರಿಸಿದವರೇ ಆಗ ಗುಜರಾತಿನ ಮುಖ್ಯಮಂತ್ರಿ. ಆ ಹಾದಿಗಾಗಿ 10,000ಕ್ಕೂ ಹೆಚ್ಚು ಕುಟುಂಬಗಳು ದಂಡೆಯಿಂದ ಎದ್ದವು, ಹಲವರು ನಗರದ ಅಂಚಿನ ಬಡಾವಣೆಗಳಿಗೆ ಹೋಗಬೇಕಾಯಿತು. ಬಟ್ಟೆ ಒಗೆಯುವವರು, ದಂಡೆಯಲ್ಲಿ ತರಕಾರಿ ಬೆಳೆಯುವವರು, ರವಿವಾರದ ಗುಜರಿ ಸಂತೆಯವರು ತಮ್ಮ ಜಾಗಕ್ಕಾಗಿ ಕೋರ್ಟು, ಕಚೇರಿ ಅಲೆದರು. ಕಟ್ಟೆಗಳ ನಡುವೆ ಈಗ ಕಾಣುವ ತುಂಬುನೀರು ನರ್ಮದೆಯ ಕಾಲುವೆಯದು. 2024ರಲ್ಲಿ ಹೈದರಾಬಾದಿನ ಮೂಸಿ ನದಿಯ ಬದಿಯ ಮನೆಗಳ ಗೋಡೆಗೆ ಕೆಂಪು ಗುರುತು ಹಾಕಿ ಕೆಡವಲು ಹೊರಟಾಗ ಅಧಿಕಾರದಲ್ಲಿದ್ದದ್ದು ಬೇರೆಯ ಪಕ್ಷ. ಪಕ್ಷ ಯಾವುದಾದರೂ ನಕ್ಷೆ ಒಂದೇ. ಲಂಡನ್ನಿನ ದಂಡೆ ನೋಡಿ ಬಂದ ಕನ್ನಡಿಗರು ಬೆಂಗಳೂರಿನ ವೃಷಭಾವತಿಯನ್ನು ನೆನೆದು 'ನಮ್ಮಲ್ಲೂ ಹೀಗಿರಬಾರದೇ' ಎನ್ನುವುದು ಸಹಜ. ವೃಷಭಾವತಿಯ ನೀರು ಶುದ್ಧವಾಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ 1858ರಲ್ಲಿ ಬಂದ ತುರ್ತು ಯಾರ ಮೂಗಿನದು, 1870ರ ಹೊತ್ತಿಗೆ ಹೋದವರು ಯಾರು ಎಂದು ಕೇಳದೆ ಥೇಮ್ಸ್ ಮಾದರಿಯನ್ನು ಊರಿಗೆ ಒಯ್ಯುವುದು ಅಪಾಯ.

ಥೇಮ್ಸ್‌ನಲ್ಲಿ ಇಳಿತದ ಹೊತ್ತಿಗೆ ತೆರೆದುಕೊಳ್ಳುವ ಕೆಸರುದಂಡೆಯ ಪಾಡೂ ಕುತೂಹಲದ್ದು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಮೊಣಕಾಲಿನವರೆಗೆ ಇಳಿದು ಕಲ್ಲಿದ್ದಲ ಚೂರು, ಹಗ್ಗದ ತುಂಡು, ತಾಮ್ರದ ಮೊಳೆ ಆಯ್ದು ಮಾರುತ್ತಿದ್ದ ಮಕ್ಕಳ ಬಗ್ಗೆ ಹೆನ್ರಿ ಮೇಹ್ಯೂ ವಿವರವಾಗಿ ಬರೆದಿದ್ದಾನೆ. ಈಗ ಅದೇ ಕೆಸರಿನಲ್ಲಿ ಹುಡುಕಾಡಲು ಬಂದರು ಪ್ರಾಧಿಕಾರದ ಪರವಾನಗಿ ಬೇಕು. ಪರವಾನಗಿಗೆ ಕಾಯುವವರ ಪಟ್ಟಿಯಿದೆ. ಹಸಿವಿನ ಕೆಲಸ ಹವ್ಯಾಸವಾಗಿದೆ.

ಮಾಡಬಹುದಾದದ್ದು ಇಲ್ಲವೆಂದಲ್ಲ. ಲಂಡನ್ನಿನ ಮೇಯರ್ ಕಚೇರಿ 2021ರಲ್ಲಿ ಸಾರ್ವಜನಿಕ ಜಾಗಗಳ ಸನ್ನದನ್ನು ಪ್ರಕಟಿಸಿದೆ. ಹೊಸದಾಗಿ ಬರುವ ಚೌಕ, ಅಂಗಳಗಳಲ್ಲಿ, ಅವು ಖಾಸಗಿಯಾಗಿದ್ದರೂ, ಜನರ ಮೇಲೆ ಅನಗತ್ಯ ನಿಯಮ ಹೇರಬಾರದೆಂಬುದು ಅದರ ಆಶಯ. ಹಳೆಯ ಜಾಗಗಳಿಗೆ ಅದು ಅನ್ವಯಿಸದು. ಹೊಸ ಯೋಜನೆಗಳಿಗೂ ಯಾರಾದರೂ ಕೇಳಿದರೆ ತಾನೇ? ಲ್ಯಾಂಬೆತ್, ಸದರ್ಕ್, ಟವರ್ ಹ್ಯಾಮ್ಲೆಟ್ಸ್‌ನಂಥ ನದಿಯಂಚಿನ ಕೌನ್ಸಿಲ್‌ಗಳಲ್ಲಿ ಪ್ರತಿ ಯೋಜನೆಯ ಅರ್ಜಿಯ ಮೇಲೂ ಸಾಮಾನ್ಯ ನಿವಾಸಿ ಅಭಿಪ್ರಾಯ ಸಲ್ಲಿಸಬಹುದು. ಅಲ್ಲಿ ಬಾಡಿಗೆಗಿರುವ ಕನ್ನಡಿಗರೂ ಸಲ್ಲಿಸಬಹುದು, ಬ್ರಿಟಿಷ್ ಪೌರತ್ವವೇನೂ ಬೇಕಿಲ್ಲ. ಪುತ್ಥಳಿಯೊಂದನ್ನು ದಂಡೆಯಲ್ಲಿ ನಿಲ್ಲಿಸಲು ಯೋಜನಾ ಇಲಾಖೆಯ ಬಾಗಿಲು ಬಡಿದು, ವರ್ಷಗಟ್ಟಲೆ ಪತ್ರ ಬರೆದು ಅನುಮತಿ ಪಡೆಯುವಷ್ಟು ತಾಳ್ಮೆ ಈ ಸಮುದಾಯಕ್ಕಿತ್ತು. ಪುತ್ಥಳಿಯ ಮುಂದೆ ಹಾದುಹೋಗುವ ಹಾದಿಯ ಮೇಲೆ ಯಾರ ನಿಯಮ ನಡೆಯುತ್ತದೆಂದು ಕೇಳುವ ಪತ್ರ ಅದಕ್ಕಿಂತ ಚಿಕ್ಕದು.

ಪುತ್ಥಳಿಯಿಂದ ಉತ್ತರಕ್ಕೆ ಕೆಲವು ನಿಮಿಷ ನಡೆದರೆ ಸೇಂಟ್ ಥಾಮಸ್ ಆಸ್ಪತ್ರೆಯ ಗೋಡೆ ಸಿಗುತ್ತದೆ. ಆಸ್ಪತ್ರೆಯೂ ಎಂಬ್ಯಾಂಕ್‌ಮೆಂಟ್ ಕಾಲದ್ದೇ, ನದಿಯಿಂದ ಗಳಿಸಿದ ನೆಲದ ಮೇಲೆ ಎದ್ದದ್ದು. 2021ರ ಮಾರ್ಚ್ 29ರಂದು ಕೋವಿಡ್‌ನಲ್ಲಿ ತಮ್ಮವರನ್ನು ಕಳೆದುಕೊಂಡವರು, ಔಪಚಾರಿಕ ಅನುಮತಿಗೆ ಕಾಯದೆ, ಆ ಗೋಡೆಯ ಮೇಲೆ ಕೆಂಪು ಹೃದಯಗಳನ್ನು ಬಿಡಿಸಲು ಶುರುಮಾಡಿದರು. ಸತ್ತವರು ಒಬ್ಬೊಬ್ಬರಿಗೂ ಒಂದೊಂದು. ಗೋಡೆ ಸುಮಾರು 500 ಮೀಟರ್ ಉದ್ದವಿದೆ. ಹೃದಯಗಳು ಈಗ 2,40,000 ದಾಟಿವೆ. ಆ ಪಿಡುಗಿನ ಮೊದಲ ತಿಂಗಳುಗಳಲ್ಲಿ ತೀರಿಕೊಂಡ ವೈದ್ಯರಲ್ಲಿ ಬಹುಪಾಲು ಏಷ್ಯಾ, ಆಫ್ರಿಕಾ ಮೂಲದವರು. ಮೊದಲು ಬಳಸಿದ ಬಣ್ಣ ಬಿಸಿಲುಮಳೆಗೆ ಬೇಗ ಮಾಸಿ ಹೆಸರುಗಳು ಅಳಿಸತೊಡಗಿದವು. ಆದ್ದರಿಂದ ಸ್ವಯಂಸೇವಕರ ಒಂದು ಗುಂಪು ಪ್ರತಿ ಶುಕ್ರವಾರ ಬಂದು ಅವನ್ನು ಮತ್ತೆ ತುಂಬುತ್ತದೆ, ಹೆಸರುಗಳನ್ನು ಮತ್ತೆ ಬರೆಯುತ್ತದೆ.

ಆ ಹಾದಿ ಕಿರಿದು. ಹೊಳೆಯಾಚೆಗೆ ನೇರ ಎದುರಿಗೆ ಸಂಸತ್ ಭವನ. ಅದರ ಚಿತ್ರ ತೆಗೆಯಬೇಕಾದವರು ಕಟಾಂಜನದ ಬಳಿ ಬಂದು, ಬೆನ್ನನ್ನು ಗೋಡೆಯ ಕಡೆಗೆ ಮಾಡಿ ನಿಲ್ಲುತ್ತಾರೆ. ಬಣ್ಣದ ಡಬ್ಬಿ ಹಿಡಿದವರು ಅವರನ್ನು ಬಳಸಿಕೊಂಡು ಮುಂದಿನ ಹೃದಯದ ಕಡೆಗೆ ಹೋಗುತ್ತಾರೆ.